ಒಂದು ಸಿಕ್ಕ ಮೇಲೂ ನೋಡುತ್ತಿರಬೇಕು

ಪಕ್ಕದ ಬೀದಿಯ ಚೈತ್ರಾಗೆ ಮಾಗಡಿ ಕಡೆಯ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿದೆ. ಸಿಹಿ ಕೊಡಲು ಬಂದವಳು, "ಅಂಕಲ್, ನಿಮ್ಮ ಕಾಲದಲ್ಲಿ ಕೆಲಸ ಹೇಗಿತ್ತು, ಹೇಳಿ" ಎಂದಳು. ಹೇಳತೊಡಗಿದೆ. ನಡುವೆ ಯಾರದೋ ಹೆಸರು ಮರೆತುಹೋಯಿತು. ಅಭ್ಯಾಸಬಲದಿಂದ ಅಡುಗೆಮನೆಯ ಕಡೆ ತಿರುಗಿ, "ಅವನ ಹೆಸರೇನೇ?" ಎಂದು ಕೇಳಿಬಿಟ್ಟೆ. ಹುಡುಗಿ ತಲೆ ತಗ್ಗಿಸಿದಳು. ನನ್ನ ಹೆಂಡತಿ ಸುನಂದ ತೀರಿಕೊಂಡು ವರ್ಷವಾಗುತ್ತ ಬಂತು. ನಮ್ಮ ಮನೆಯಲ್ಲಿ ಹೆಸರುಗಳನ್ನು ನೆನಪಿಟ್ಟುಕೊಳ್ಳುವ ಕೆಲಸ ಅವಳದಾಗಿತ್ತು. ಬರೆದು ಕೊಡುತ್ತೇನಮ್ಮ ಎಂದು ಚೈತ್ರಾಳನ್ನು ಕಳಿಸಿದೆ. ಬರೆಯುವಾಗ ಹೆಸರು ಮರೆತರೆ ನೆನಪಾಗುವ ತನಕ ಕಾಯಬಹುದು.

ನಾನು ಚನ್ನಪಟ್ಟಣದ ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದೆ. ರಕ್ತ, ಕಫ ಎಲ್ಲ ನೋಡಿದ್ದೇನೆ. ಆದರೆ ನನ್ನ ಪಾಲಿಗೆ ಹೆಚ್ಚಾಗಿ ಬಂದದ್ದು ಮಲ ಪರೀಕ್ಷೆ. ಆ ಡಬ್ಬಿಗಳು ಬಂದರೆ ಜೊತೆಯವರಿಗೆಲ್ಲ ಏನಾದರೊಂದು ತುರ್ತು ಕೆಲಸ ನೆನಪಾಗುತ್ತಿತ್ತು. ಹೊಸದರಲ್ಲಿ ನನಗೂ ಊಟ ಸೇರುತ್ತಿರಲಿಲ್ಲ. ಚೈತ್ರಾ, ನಿನಗೂ ಮೊದಲ ಕೆಲವು ವಾರ ಹಾಗೆಯೇ ಆಗುತ್ತದೆ. ಆಮೇಲೆ ಆ ವಾಸನೆಯೂ ಒಂದು ಸುದ್ದಿ ಹೇಳುತ್ತಿದೆ ಎಂದು ತಿಳಿಯುತ್ತದೆ. ಗಿಯಾರ್ಡಿಯಾ ಎಂಬ ಸೂಕ್ಷ್ಮಜೀವಿ ಹೊಟ್ಟೆಯಲ್ಲಿರುವ ಮಗುವಿನದು ಒಂದು ಬಗೆ, ಆಮಶಂಕೆಯದು ಇನ್ನೊಂದು ಬಗೆ. ಡಬ್ಬಿಯ ಮುಚ್ಚಳ ತೆಗೆಯುವಾಗಲೇ ಅರ್ಧ ಊಹೆ ಮಾಡಬಹುದು. ಆದರೆ ಆ ಊಹೆಯನ್ನು ಬರೆಯಬಾರದು.

ಜನ ನಾವು ಕೊಟ್ಟ ಡಬ್ಬಿಯಲ್ಲೇ ತರುತ್ತಾರೆ ಎಂದುಕೊಳ್ಳಬೇಡ. ಬೆಂಕಿಪೊಟ್ಟಣದಲ್ಲಿ ತಂದಿದ್ದಾರೆ, ಕೆಮ್ಮಿನ ಔಷಧಿಯ ಬಾಟಲಿಯಲ್ಲಿ ತಂದಿದ್ದಾರೆ. ನಮ್ಮ ಸೀಮೆ ರೇಷ್ಮೆಯದು. ಒಬ್ಬ ಅಜ್ಜಿ ಹಿಪ್ಪುನೇರಳೆ ಎಲೆಯಲ್ಲಿ ಮಡಿಚಿ, ದಾರ ಸುತ್ತಿ ತಂದಿದ್ದರು.

"ಡಬ್ಬಿ ಕೊಟ್ಟಿದ್ನಲ್ಲಜ್ಜಿ, ಅದೆಲ್ಲಿ?"

"ಹೊಸಾ ಡಬ್ಬಿ ಕಣಪ್ಪ, ಮುಚ್ಚಳ ಗಟ್ಟಿಯಾಗೈತೆ. ಉಪ್ಪು ಹಾಕಿಟ್ಕಂಡಿವ್ನಿ."

"ಇದನ್ನ ಸೊಪ್ಪಲ್ಲಿ ಕಟ್ಟಿದೀಯಲ್ಲ."

"ಬೆಳಗ್ಗೆ ಕುಯ್ದಿದ್ದು. ಎಲೆ ತೊಳ್ದೇ ಕಟ್ಟಿವ್ನಿ, ನೋಡು ನೀನು."

ನೋಡಿದೆ. ಮಸೂರದ ಕೆಳಗೆ ಸಣ್ಣ ಸಣ್ಣ ಮರಿಹುಳುಗಳು ಕಂಡವು. ಇಷ್ಟೊಂದು ಹುಳು ಹೊತ್ತುಕೊಂಡು ಅಜ್ಜಿ ನಡೆದು ಬಂದದ್ದು ಹೇಗೆ ಎಂದು ಗಾಬರಿಯಾಗಿ ಡಾಕ್ಟರನ್ನು ಕರೆದೆ. ಡಾ. ವಸುಂಧರಾ ನಮ್ಮ ಲ್ಯಾಬಿನ ಮೇಲ್ವಿಚಾರಣೆ ನೋಡುತ್ತಿದ್ದವರು. ಬಂದು, ಒಂದು ಕಣ್ಣು ಮುಚ್ಚಿ ನೋಡಿ, "ಮಹದೇವಯ್ಯ, ಇದು ಎಲೆ ಮೇಲಿನ ಕೂದಲು. ನಿಮ್ಮ ಕಣ್ಣಿಗೆ ಹುಳ ಅಲ್ರೀ ಕಾಣ್ತಿರೋದು, ಹುಳದ ಊಟ" ಎಂದರು. ಆ ಮಾತು ಆಸ್ಪತ್ರೆಯಲ್ಲಿ ಬಹಳ ದಿನ ಓಡಾಡಿತು. ಆಯಾಗಳು ಊಟದ ಹೊತ್ತಿಗೆ, "ಬನ್ನಿ ಸಾರ್, ಹುಳದ ಊಟ ಮಾಡುವಾ" ಎಂದು ಕರೆಯುತ್ತಿದ್ದರು.

ವಸುಂಧರಾ ಮೇಡಂ ಕಟುವಾಗಿ ಮಾತಾಡುತ್ತಿದ್ದರು, ಆದರೆ ಕಲಿಸುತ್ತಿದ್ದರು. ಒಂದು ಸ್ಲೈಡಿನಲ್ಲಿ ಕೊಕ್ಕೆಹುಳದ ಮೊಟ್ಟೆ ಸಿಕ್ಕಿತೆಂದು ಖುಷಿಯಿಂದ ಎದ್ದೆ. "ಯಾಕೆ ಎದ್ರಿ?" ಎಂದರು. "ಸಿಕ್ತು ಮೇಡಂ." "ಒಂದು ಸಿಕ್ಕಿದ ತಕ್ಷಣ ಟೀ ಕುಡಿಯೋಕೆ ಹೋಗ್ಬೇಡಿ. ಕೂತ್ಕೊಳ್ಳಿ. ಹೊಟ್ಟೆ ಅನ್ನೋದು ಬಾಡಿಗೆ ಮನೆ, ಒಬ್ಬರೇ ಇರಬೇಕು ಅಂತ ಕರಾರಿಲ್ಲ." ಕೂತೆ. ಅಯೋಡಿನ್ ಹಾಕಿ ಮತ್ತೊಂದು ಸ್ಲೈಡ್ ಮಾಡಿದೆ. ಅದರಲ್ಲಿ ಗಿಯಾರ್ಡಿಯಾ ಇತ್ತು. ಹುಳದ ಮಾತ್ರೆಯನ್ನಷ್ಟೇ ಕೊಟ್ಟು ಕಳಿಸಿದ್ದರೆ ಆ ಮನುಷ್ಯನ ಭೇದಿ ನಿಲ್ಲುತ್ತಿರಲಿಲ್ಲ.

ಹೀಗೆ ನೋಡುತ್ತ ನೋಡುತ್ತ ಒಂದು ನಕ್ಷೆಯೇ ಮನಸ್ಸಿನಲ್ಲಿ ಮೂಡಿತು. ಹಿಪ್ಪುನೇರಳೆ ತೋಟದಲ್ಲಿ ಬರಿಗಾಲಲ್ಲಿ ಸೊಪ್ಪು ಕೊಯ್ಯುವವರಲ್ಲಿ ಕೊಕ್ಕೆಹುಳು, ಅದರ ಜೊತೆಗೇ ಜಂತುಹುಳು. ಅಂಗನವಾಡಿಯ ಮಕ್ಕಳಲ್ಲಿ ಗಿಯಾರ್ಡಿಯಾ, ಅದರೊಂದಿಗೆ ಚಿಕ್ಕ ಲಾಡಿಹುಳು. ಎರಡು ಸಾವಿರದ ಇಸವಿಯಿಂದ ಈಚೆಗೆ ಬಿಡದಿಯ ಕಡೆ ಕಾರ್ಖಾನೆಗಳು ಹೆಚ್ಚಾದವು. ದೂರದ ಊರುಗಳಿಂದ ಬಂದ ಹುಡುಗರು ಒಂದೇ ಕೋಣೆಯಲ್ಲಿ ಒತ್ತೊತ್ತಾಗಿ ಮಲಗಿ, ಒಂದೇ ಡ್ರಮ್ಮಿನ ನೀರು ಕುಡಿಯುತ್ತಿದ್ದರು. ಅವರ ಸ್ಲೈಡುಗಳಲ್ಲಿ ಅಮೀಬಾ, ಗಿಯಾರ್ಡಿಯಾ ಎರಡೂ ಒಟ್ಟಿಗೆ ಕಾಣತೊಡಗಿದವು. ಮೊದಲು ಊರಿನ ಹೆಸರು ಕೇಳಿ ಹೊಟ್ಟೆಯಲ್ಲಿ ಏನಿರಬಹುದೆಂದು ಅಂದಾಜು ಮಾಡುತ್ತಿದ್ದೆ. ಆಮೇಲೆ ಕೆಲಸ ಎಲ್ಲಿ, ನೀರು ಯಾರದು ಎಂದೂ ಕೇಳಬೇಕಾಯಿತು.

ಮೇಡಂ ಇನ್ನೊಂದು ಮಾತು ಹೇಳಿದ್ದರು. ಅದು ನನಗೆ ಅರ್ಥವಾಗಲು ವರ್ಷಗಳೇ ಬೇಕಾದವು. ಸಿಕ್ಕಿದ್ದೆಲ್ಲ ರೋಗಕ್ಕೆ ಕಾರಣವಲ್ಲ. ಕೆಲವು ಜೀವಿಗಳು ಹೊಟ್ಟೆಯಲ್ಲಿ ವರ್ಷಗಟ್ಟಲೆ ತೆಪ್ಪಗೆ ಇರುತ್ತವೆ. ಇವತ್ತಿನ ಭೇದಿ ತಂದವನು ನಿನ್ನೆ ಬಂದ ಬೇರೆಯವನಿರಬಹುದು, ಅವನು ನಮ್ಮ ಮಸೂರಕ್ಕೆ ಕಾಣದೆಯೂ ಇರಬಹುದು. ಈಗ ಒಂದೇ ಸಲಕ್ಕೆ ಹತ್ತಾರು ರೋಗಾಣುಗಳ ಹೆಸರು ಹೇಳುವ ಯಂತ್ರಗಳು ಬಂದಿವೆ. ಸೂಕ್ಷ್ಮದರ್ಶಕದ ಕನ್ನಡಿಯಲ್ಲಿ ಕಿಟಕಿಯ ಬೆಳಕು ಹಿಡಿದು, ಮೋಡ ಬಂದರೆ ಕೆಲಸ ನಿಲ್ಲಿಸುತ್ತಿದ್ದ ನನಗೆ ಅವನ್ನು ಕಂಡರೆ ಆಸೆಯೇ ಆಗುತ್ತದೆ. ಆದರೆ ಹತ್ತು ಹೆಸರು ಬಂದಾಗ ಯಾವುದು ಹಳೆಯ ಬಾಡಿಗೆದಾರ, ಯಾವುದು ಹೊಸ ಕಳ್ಳ ಎಂಬುದನ್ನು ಯಂತ್ರ ಹೇಳುವುದಿಲ್ಲ ಕಣಮ್ಮ.

ಇಲ್ಲಿ ಸುನಂದಳ ಕೆಲಸದ ಬಗ್ಗೆ ಹೇಳಬೇಕು. ಅವಳೂ ಸೂಕ್ಷ್ಮದರ್ಶಕದ ಮುಂದೆ ಕೂತು ಬದುಕಿದವಳು. ರೇಷ್ಮೆ ಬಿತ್ತನೆ ಕೋಠಿಯಲ್ಲಿ, ಅಂದರೆ ರೈತರಿಗೆ ರೇಷ್ಮೆಹುಳದ ಮೊಟ್ಟೆ ತಯಾರಿಸಿ ಕೊಡುವ ಕಡೆ, ಅವಳಿಗೆ ಕೆಲಸ. ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು, ಆ ರಸದ ಒಂದು ಹನಿಯನ್ನು ಗಾಜಿನ ಮೇಲಿಟ್ಟು, ಗಂಟು ರೋಗದ ಕಣ ಇದೆಯೇ ಎಂದು ನೋಡುವುದು. ಅಕ್ಕಿಕಾಳಿನ ಆಕಾರದ ಹೊಳೆಯುವ ಕಣ. ತಾಯಿಯಲ್ಲಿ ಇದ್ದರೆ ಮೊಟ್ಟೆಯಲ್ಲೂ ಇರುತ್ತದೆ, ಮರಿಗಳಿಗೂ ಹರಡುತ್ತದೆ, ಒಂದು ಊರಿನ ಬೆಳೆಯನ್ನೇ ಹಾಳುಮಾಡುತ್ತದೆ. ಆದ್ದರಿಂದ ಒಂದು ಕಣ ಸಿಕ್ಕರೆ ಅಲ್ಲಿಗೆ ಮುಗಿಯಿತು, ಆ ಮೊಟ್ಟೆಗಳನ್ನು ಸುಡುತ್ತಾರೆ.

ಸಂಜೆ ಇಬ್ಬರೂ ಕಣ್ಣು ಉಜ್ಜಿಕೊಳ್ಳುತ್ತ ಮನೆಗೆ ಬರುತ್ತಿದ್ದೆವು. ಅವಳು ಹಿಂದಿನ ಬಾಗಿಲಿನಿಂದ ಬಂದು ಕೈ ತೊಳೆಯುತ್ತಿದ್ದಳು, ನಾನೂ ಹಾಗೆಯೇ. ಬಚ್ಚಲಿನಲ್ಲಿ ಯಾರು ಮೊದಲು ಎಂದು ದಿನವೂ ಜಗಳ.

"ನಿಮ್ಮ ಕೈ ಮೊದಲು ತೊಳ್ಕೊಳ್ಳಿ. ನಾನು ಮುಟ್ಟಿರೋದು ಚಿಟ್ಟೆ" ಎನ್ನುತ್ತಿದ್ದಳು.

"ನೀನು ಒಂದು ಸಿಕ್ಕಿದ್ರೆ ಬೆಂಕಿ ಹಾಕಿ ಎದ್ದು ಬರ್ತೀಯ. ನನಗೆ ಒಂದು ಸಿಕ್ಕಿದ್ಮೇಲೇ ಕೆಲಸ ಶುರು."

"ಅದಕ್ಕೇ ನಾನು ಬೇಗ ಬಂದು ಅನ್ನಕ್ಕಿಡೋದು."

ಆ ಜಗಳ ಈಗಿಲ್ಲ. ಬಚ್ಚಲಲ್ಲಿ ಸೋಪು ಕರಗುವುದೇ ಇಲ್ಲ.

ಇನ್ನು ಭಾಗ್ಯಮ್ಮನ ವಿಷಯ. ನನ್ನ ಕೆಲಸದ ವರ್ಷಗಳಲ್ಲಿ ಹೆಚ್ಚು ನೆನಪಾಗುವುದು ಆಕೆಯೇ.

ಹೊಂಗನೂರು ಕಡೆಯ ಒಂದು ಊರಿನವರು. ಗಂಡ ತೀರಿಕೊಂಡ ಮೇಲೆ ಅಡುಗೆ ಕೆಲಸದಿಂದ ಮನೆ ನಡೆಸುತ್ತಿದ್ದರು. ರೇಷ್ಮೆಹುಳು ಹಣ್ಣಾಗುವ ದಿನ, ಅಂದರೆ ಗೂಡು ಕಟ್ಟಲು ಸಿದ್ಧವಾಗುವ ದಿನ, ಮನೆಯವರಿಗೆ ಉಸಿರಾಡಲೂ ಬಿಡುವಿರುವುದಿಲ್ಲ. ಊರವರೆಲ್ಲ ಬಂದು ಹುಳ ಆಯ್ದು ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆ ಎಂದರೆ ಹುಳ ಗೂಡು ಕಟ್ಟುವ ಬಿದಿರಿನ ತಟ್ಟಿ. ಬಂದ ಆಳುಗಳಿಗೆಲ್ಲ ಮುದ್ದೆ, ಸಾರು ಮಾಡುವುದು ಭಾಗ್ಯಮ್ಮ. ಆಮೇಲೆ ಹೆದ್ದಾರಿಯ ಪಕ್ಕ ಒಂದು ಕಾರ್ಖಾನೆ ಬಂತು. ಅದರ ಕ್ಯಾಂಟೀನಿನಲ್ಲೂ ಕೆಲಸ ಸಿಕ್ಕಿ, ಬೆಳಗ್ಗೆ ವ್ಯಾನಿನಲ್ಲಿ ಹೋಗಿ ಬರುತ್ತಿದ್ದರು.

ಒಂದು ಮಳೆಗಾಲ ಶಿವಲಿಂಗೇಗೌಡರೆಂಬ ರೈತರ ಮನೆಯಲ್ಲಿ ಹುಳ ಹಣ್ಣಾದ ದಿನ ಉಂಡವರಿಗೆಲ್ಲ ಭೇದಿ ಶುರುವಾಯಿತು. ಅದೇ ವಾರ ಕಾರ್ಖಾನೆಯಲ್ಲೂ ಕೆಲವರು ಮಲಗಿದರು. ಎರಡೂ ಕಡೆ ಅಡುಗೆ ಮಾಡಿದವರು ಒಬ್ಬರೇ. ಕಾರ್ಖಾನೆಯವರು ಆಕೆಯನ್ನು ಪರೀಕ್ಷೆಗೆ ಕಳಿಸಿದರು. ಭಾಗ್ಯಮ್ಮ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿ ತಂದರು.

"ಅಣ್ಣ, ನಂಗೆ ಒಂದಿನಾನೂ ಹೊಟ್ಟೆ ಕೆಟ್ಟಿಲ್ಲ. ಒಸಿ ನೆಟ್ಟಗೆ ನೋಡಿ."

ನೆಟ್ಟಗೆ ನೋಡಿದೆ. ಅಮೀಬಾದ ಮೊಟ್ಟೆಯಂಥ ಕೋಶಗಳಿದ್ದವು, ಜೊತೆಗೆ ಗಿಯಾರ್ಡಿಯಾವೂ ಇತ್ತು. ಇದ್ದದ್ದನ್ನು ಇದ್ದ ಹಾಗೆ ಬರೆದುಕೊಟ್ಟೆ. ಮೇಡಂ ಮಾತ್ರೆ ಬರೆದರು. ಚೀಟಿಯ ಕೆಳಗೆ, ಇದು ಹಳೆಯದಿರಬಹುದು, ಈಗಿನ ಭೇದಿಗೆ ಇದೇ ಕಾರಣವೆನ್ನಲಾಗದು ಎಂದೂ ಸೇರಿಸಿದರು. ಕಾರ್ಖಾನೆಯಿಂದ ಬಂದಿದ್ದ ಅಧಿಕಾರಿ ಆ ಕೆಳಗಿನ ಸಾಲನ್ನು ಓದಿ, "ಮೇಡಂ, ಪಾಸಿಟಿವ್ ಅಂದ್ರೆ ಪಾಸಿಟಿವ್ ಅಲ್ವಾ?" ಎಂದ.

"ನಿಮ್ಮದನ್ನೂ ತಂದ್ಕೊಡಿ, ಇಲ್ಲೇ ನೋಡೋಣ" ಎಂದರು ಮೇಡಂ.

ಅವನು ತಂದುಕೊಡಲಿಲ್ಲ. ಭಾಗ್ಯಮ್ಮನ ಕ್ಯಾಂಟೀನ್ ಕೆಲಸ ಹೋಯಿತು. ವ್ಯಾನಿನ ಜೊತೆಗೇ ಸುದ್ದಿಯೂ ಊರಿಗೆ ಬಂತು.

ಈ ನಡುವೆ ಭೇದಿಯಾದವರ ಡಬ್ಬಿಗಳು ನನ್ನ ಮೇಜಿನ ಮೇಲೆ ಸಾಲು ನಿಂತಿದ್ದವು. ಒಬ್ಬರಲ್ಲಿ ಕೊಕ್ಕೆಹುಳು, ಒಬ್ಬರಲ್ಲಿ ಜಂತುಹುಳು, ಒಬ್ಬರಲ್ಲಿ ಎರಡೂ, ಮತ್ತೊಬ್ಬರಲ್ಲಿ ಗಿಯಾರ್ಡಿಯಾ. ಎಲ್ಲರಲ್ಲೂ ಏನೋ ಇತ್ತು, ಆದರೆ ಎಲ್ಲರಲ್ಲೂ ಒಂದೇ ಆದದ್ದು ಮಾತ್ರ ಕಾಣಲಿಲ್ಲ. ಭಾಗ್ಯಮ್ಮನಲ್ಲಿದ್ದ ಅಮೀಬಾ ಕೂಡ ಇಲ್ಲ. ಮೇಡಂ ನನ್ನ ಹಿಂದೆ ನಿಂತು, "ಇವರೆಲ್ಲ ಹಳೇ ಬಾಡಿಗೆದಾರರು. ಕಳ್ಳ ಬೇರೆ" ಎಂದರು. ರಾಮನಗರ ಆಗಿನ್ನೂ ಜಿಲ್ಲೆಯಾಗಿರಲಿಲ್ಲ, ರೋಗಾಣು ಬೆಳೆಸಿ ನೋಡಲು ಮಾದರಿಗಳನ್ನು ಬೆಂಗಳೂರಿಗೇ ಕಳಿಸಬೇಕಿತ್ತು. ಉತ್ತರ ಬರುವ ಮೊದಲೇ ಆರೋಗ್ಯ ನಿರೀಕ್ಷಕರು ಕಾರಣ ಕಂಡುಹಿಡಿದರು. ರಸ್ತೆ ಅಗಲ ಮಾಡಲು ಅಗೆದ ಕಡೆ ಊರಿನ ನೀರಿನ ಕೊಳವೆ ಒಡೆದು, ಚರಂಡಿಯ ನೀರು ಒಳಸೇರುತ್ತಿತ್ತು. ಅದೇ ಊರಿನ ತೊಟ್ಟಿಯಿಂದ ಟ್ಯಾಂಕರು ತುಂಬಿಸಿ ಕಾರ್ಖಾನೆಗೂ ಒಯ್ಯುತ್ತಿದ್ದರು. ಬೆಂಗಳೂರಿನ ಉತ್ತರವೂ ಅದಕ್ಕೆ ಸರಿಹೊಂದಿತು. ಭೇದಿಯಾದವರಲ್ಲಿ ಕಂಡದ್ದು ಕೊಳಕು ನೀರಿನಿಂದ ಬರುವ ಬ್ಯಾಕ್ಟೀರಿಯಾ. ಅದು ಭಾಗ್ಯಮ್ಮನಲ್ಲಿ ಇರಲೇ ಇಲ್ಲ. ಕೊಳವೆ ಸರಿಯಾಯಿತು, ಭೇದಿ ನಿಂತಿತು.

ಭಾಗ್ಯಮ್ಮನನ್ನು ಮಾತ್ರ ಯಾರೂ ಕರೆಯಲಿಲ್ಲ. ಮದುವೆಯ ಅಡುಗೆಗೆ ಬೇರೆಯವರು ಬಂದರು. ಹುಳ ಹಣ್ಣಾದ ಮನೆಗೆ ತಾವಾಗಿಯೇ ಹೋದರೆ, "ಇವತ್ತು ನಮ್ಮೋರೇ ಮಾಡ್ಕತಾವ್ರೆ, ನೀನು ಸುಧಾರಿಸ್ಕೊ" ಎಂದರು. ಆಕೆ ಮಾತ್ರೆ ಮುಗಿಸಿ ಮತ್ತೆ ಪರೀಕ್ಷೆಗೆ ಬಂದಾಗ ಸ್ಲೈಡಿನಲ್ಲಿ ಏನೂ ಇರಲಿಲ್ಲ. ಹೇಳಿದೆ. ಆಕೆಗೆ ಸಂತೋಷವಾದಂತೆ ಕಾಣಲಿಲ್ಲ.

"ನೀವು ಕಾಗ್ದ ಕೊಡ್ತೀರಿ. ಅದನ್ನ ಯಾರ ಎಲೆ ಮೇಲೆ ಇಕ್ಕನಣ್ಣ? ನನ್ನ ಕೈಯಾಗಿನ ಮುದ್ದೆ ಉಣ್ಣಕಿಲ್ಲ ಅಂದ್ರೆ ನಾನು ಆ ಊರಾಗೆ ಇದ್ದೂ ಇಲ್ಲದಂಗೆ."

ಅಂದು ಸಂಜೆ ಸುನಂದಳಿಗೆ ಇದನ್ನು ಹೇಳಿದೆ. ಅವಳು ಅಕ್ಕಿ ಆರಿಸುತ್ತ, "ನಮ್ಮಲ್ಲಾಗಿದ್ರೆ ಸುಟ್ಟುಬಿಡ್ತಿದ್ವಿ" ಎಂದಳು. ಅದು ತಮಾಷೆಯ ಮಾತಾಗಿರಲಿಲ್ಲ. ಅವಳ ಕೆಲಸದ ಬುದ್ಧಿ ಹಾಗೆ ಹೇಳಿತು. ನನಗೆ ಕೋಪ ಬಂದು ಮಾತು ಬಿಟ್ಟೆ. ಬೆಳಗ್ಗೆ ಕಾಫಿ ಕೊಡುವಾಗ ತಾನಾಗಿಯೇ ಕೇಳಿದಳು.

"ಆಕೆಗೆ ಮಾತ್ರೆ ಕೊಟ್ರಾ?"

"ಕೊಟ್ಟು, ವಾಸಿಯೂ ಆಗಿದೆ ಅಂತ ನಿನ್ನೆನೇ ಹೇಳಿದೆ."

"ಹೌದಲ್ಲ" ಎಂದಳು.

ಕೆಲವು ದಿನದ ಮೇಲೆ ಶಿವಲಿಂಗೇಗೌಡರು ಮೊಟ್ಟೆಗಾಗಿ ಬಿತ್ತನೆ ಕೋಠಿಗೆ ಹೋಗಿದ್ದರು. ಅವರಿಗೆ ಸುನಂದ ಹಳೆಯ ಪರಿಚಯ. ಅವಳು ನೋಡಿ ಕೊಟ್ಟ ಮೊಟ್ಟೆ ಎಂದರೆ ಕಣ್ಣು ಮುಚ್ಚಿ ಒಯ್ಯುತ್ತಿದ್ದರು. ಸುನಂದ ಭಾಗ್ಯಮ್ಮನ ಮಾತೆತ್ತಿದಾಗ ಗೌಡರು ಏನೂ ಮುಚ್ಚಿಡಲಿಲ್ಲ. ಆ ಮಾತುಕತೆಯನ್ನು ಸುನಂದ ಸಂಜೆ ಇಬ್ಬರ ದನಿಯಲ್ಲೂ ಆಡಿ ತೋರಿಸಿದಳು.

"ನೀವೇ ಹೇಳಿ ಮೇಡಮ್ಮೋರೇ. ತಾಯಿ ಚಿಟ್ಟೇಲಿ ಒಂದು ಗಂಟು ಸಿಕ್ರೆ ನೀವು ಇಟ್ಕತೀರಾ? ನನ್ನ ಕಣ್ಮುಂದೇ ಸುಟ್ಟಿದ್ದೀರಿ, ಹೋದೊರ್ಷ."

"ಸುಟ್ಟೆ. ಯಾಕೆ ಸುಟ್ಟೆ? ಅದಕ್ಕೆ ಔಷಧಿ ಇಲ್ಲ ಗೌಡ್ರೇ. ಚಿಟ್ಟೆಗೆ ಮಾತ್ರೆ ನುಂಗಿಸೋ ಹಾಗಿದ್ರೆ ನಾನ್ಯಾಕೆ ಬೆಂಕಿ ಕಡ್ಡಿ ಗೀರ್ತಿದ್ದೆ? ಭಾಗ್ಯಮ್ಮ ಮಾತ್ರೆ ನುಂಗಿದಾರೆ, ವಾಸಿ ಆಗಿದೆ. ನೀರು ಕೆಟ್ಟಿದ್ದಕ್ಕೆ ಅವರನ್ನ ಸುಡ್ತಾ ಇದೀರಿ ನೀವು."

ಗೌಡರು ಮೊಟ್ಟೆ ಅಂಟಿದ ಹಾಳೆಯನ್ನು ಚೀಲಕ್ಕೆ ಇಳಿಸುತ್ತ, "ನೀವು ಉಂತೀರಾ ಆವಮ್ಮನ ಕೈಲಿ?" ಎಂದರಂತೆ.

"ಹುಳ ಹಣ್ಣಾದ ದಿನ ಅಡುಗೆಗೆ ಅವರನ್ನೇ ಕರೆಸಿ, ನಮಗೂ ಹೇಳಿ ಕಳಿಸಿ."

ಹೇಳಿ ಕಳಿಸಿದರು. ಅಂದು ಭಾನುವಾರ. ಹೊಂಗನೂರು ಬಸ್ಸು ಹತ್ತಿ ಇಬ್ಬರೂ ಹೋದೆವು. ಗೌಡರ ಅಂಗಳದಲ್ಲಿ ಚಂದ್ರಿಕೆಗಳು ಗೋಡೆಗೆ ಒರಗಿದ್ದವು. ಜನ ಕುಕ್ಕರಗಾಲಲ್ಲಿ ಕೂತು ಹಳದಿ ತಿರುಗಿದ ಹುಳುಗಳನ್ನು ಆಯುತ್ತಿದ್ದರು. ಸುನಂದ ಕಾಲು ತೊಳೆದು, ಹೋಗಿ ಅವರ ನಡುವೆ ಕೂತು ತಾನೂ ಆಯತೊಡಗಿದಳು. ಹಿತ್ತಲಿನ ಒಲೆಯ ಹತ್ತಿರ ಭಾಗ್ಯಮ್ಮ ಒಬ್ಬರೇ ಮುದ್ದೆ ತಿರುವುತ್ತಿದ್ದರು. ಈರುಳ್ಳಿ ಹೆಚ್ಚಿಕೊಡಲೂ ಯಾರೂ ಹೋಗಿರಲಿಲ್ಲ.

ಊಟದ ಹೊತ್ತಿಗೆ ಎಲೆ ಹಾಕಿದರು. ಸುನಂದ ನಡುವೆ ಕೂತಳು. ಅವಳ ಎರಡು ಪಕ್ಕವೂ ಖಾಲಿ. ನಾನು ಹೋಗಿ ಕೂತೆ. "ನೀವು ಕೂತ್ರೆ ಲೆಕ್ಕಕ್ಕಿಲ್ಲ" ಎಂದು ಮೆಲ್ಲಗೆ ಹೇಳಿದಳು. ಜನ ಕೈ ತೊಳೆಯುತ್ತಲೇ ಇದ್ದರು. ಅಷ್ಟು ಹೊತ್ತು ಕೈ ತೊಳೆದವರನ್ನು ಅದಕ್ಕೂ ಮೊದಲು ಆ ಊರಿನಲ್ಲಿ ನಾನು ಕಂಡಿರಲಿಲ್ಲ. ಭಾಗ್ಯಮ್ಮ ಬಂದು ಮುದ್ದೆ ಇಟ್ಟರು, ಹುರುಳಿಕಾಳಿನ ಸಾರು ಬಿಟ್ಟರು. ಸೌಟು ಎಲೆಗೆ ತಾಗಿ ಸಾರು ಸ್ವಲ್ಪ ಆಚೆ ಚೆಲ್ಲಿತು. ಸುನಂದ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ನುಂಗಿದಳು. ಎಲ್ಲರೂ ಅವಳ ಗಂಟಲನ್ನೇ ನೋಡುತ್ತಿದ್ದರು.

"ಉಪ್ಪು ಒಂಚೂರು ಮುಂದಾಗಿದೆ ಭಾಗ್ಯಮ್ಮ" ಎಂದಳು. "ಇನ್ನೊಂದು ಸೌಟು ಬಿಡಿ."

ಆಗ ಚಿಕ್ಕಣ್ಣ ಎಂಬ ಆಳು, ಚಂದ್ರಿಕೆ ಹೊರುತ್ತಿದ್ದವನು, ಬಂದು ಸುನಂದಳ ಆ ಪಕ್ಕ ಕೂತ. "ನಂಗೆ ಹೊಟ್ಟೆ ಹಸ್ದೈತೆ ಕಣ್ರಪ್ಪ. ನಿಮ್ಮ ಪಂಚಾಯ್ತಿ ಆಮೇಲೆ ಮಾಡ್ಕಳಿ. ಇಕ್ಕವ್ವ" ಎಂದ. ಹಿಂದಿನಿಂದ ಯಾರೋ, "ನಿಂಗೇನ್ಲಾ, ಕಲ್ಲು ಉಂಡ್ರೂ ಅರಗ್ತದೆ" ಎಂದರು. ನಗು ಎದ್ದಿತು. ನಗುತ್ತಲೇ ಇಬ್ಬರು, ಮೂವರು ಕೂತರು. ಎಲ್ಲರೂ ಕೂರಲಿಲ್ಲ. ಕೆಲವರು ಮನೆಗೆ ಹೋಗಿ ಉಂಡು ಬಂದರು. ಗೌಡರು, "ನಾನು ಹುಳ ನೋಡ್ಕಂಡು ಆಮೇಲೆ ಉಂತೀನಿ" ಎಂದು ಒಳಗೆ ಹೋದವರು ನಾವು ಹೊರಡುವ ತನಕ ಹೊರಗೆ ಬರಲಿಲ್ಲ. ಭಾಗ್ಯಮ್ಮ ಬಸ್ಸಿನವರೆಗೆ ಬಂದು, ಅದು ಹೊರಡುವ ತನಕ ನಿಂತಿದ್ದರು.

ನಿಜವಾದ ಪರೀಕ್ಷೆ ಮರುದಿನ ಶುರುವಾಯಿತು. ಆ ಊರಿನವರು ಒಬ್ಬೊಬ್ಬರಾಗಿ ಆಸ್ಪತ್ರೆಗೆ ಬರತೊಡಗಿದರು. ಒಬ್ಬನಿಗೆ ಕೆಮ್ಮು, ಒಬ್ಬನಿಗೆ ಮೊಣಕಾಲು ನೋವು. ಚೀಟಿ ಬರೆಸಿಕೊಂಡು, ಲ್ಯಾಬಿನ ಕಿಟಕಿಯ ಹತ್ತಿರ ನಿಂತು, ಹೋಗುವ ಮುನ್ನ ಕೇಳುತ್ತಿದ್ದರು.

"ಸಾರ್, ಮೇಡಮ್ಮೋರು ಚೆನ್ನಾಗವ್ರಾ?"

"ಚೆನ್ನಾಗಿದಾರಪ್ಪ."

"ಊಟ ಗೀಟ ಮಾಡ್ತಾವ್ರಾ?"

"ನನಗಿಂತ ಒಂದು ಮುದ್ದೆ ಜಾಸ್ತಿನೇ."

ಮನೆಗೆ ಬಂದು ಹೇಳಿದರೆ ಸುನಂದ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. "ನನ್ನ ಹೊಟ್ಟೆಗೆ ಇಷ್ಟು ಬೆಲೆ ಇದೆ ಅಂತ ಗೊತ್ತೇ ಇರ್ಲಿಲ್ಲ. ನಾಳೆ ಯಾರಾದ್ರೂ ಕೇಳಿದ್ರೆ ಬೋರ್ಡ್ ಬರೆಸಿ ನೇತು ಹಾಕಿ." ವಾರದ ಕೊನೆಗೆ ಗೌಡರೇ ಬಂದರು. ನನ್ನ ಮಾತನ್ನು ನಂಬದೆ ಬಿತ್ತನೆ ಕೋಠಿಗೆ ಹೋಗಿ, ಬಾಗಿಲಲ್ಲಿ ನಿಂತು, ಸುನಂದ ಮಸೂರಕ್ಕೆ ಕಣ್ಣಿಟ್ಟು ಕೂತಿರುವುದನ್ನು ನೋಡಿ, ಮಾತಾಡಿಸದೆ ವಾಪಸು ಹೋದರಂತೆ. ಮುಂದಿನ ಬೆಳೆಗೆ ತಾವಾಗಿಯೇ ಭಾಗ್ಯಮ್ಮನನ್ನು ಕರೆದರು. ಆಮೇಲೆ ಬೇರೆ ಮನೆಗಳೂ ಕರೆದವು. ಕಾರ್ಖಾನೆಯವರು ಮತ್ತೆ ಕರೆಯಲಿಲ್ಲ. ಅಲ್ಲಿ ಊಟದ ಗುತ್ತಿಗೆ ಅಷ್ಟರಲ್ಲಿ ಬೆಂಗಳೂರಿನವರಿಗೆ ಹೋಗಿತ್ತು.

ಚೈತ್ರಾ, ಈ ಪ್ರಸಂಗದಿಂದ ಇಂಥದ್ದೇ ಪಾಠ ಕಲಿ ಎಂದು ಹೇಳಲಾರೆ. ಕಂಡದ್ದನ್ನು ಬರೆಯದೆ ಇರುವ ಹಾಗಿಲ್ಲ. ಬರೆದ ಚೀಟಿ ನಿನ್ನ ಮೇಜಿನಿಂದ ಎದ್ದು ಯಾವ ಊರಿಗೆ ಹೋಗಿ ಯಾರ ಒಲೆ ಆರಿಸುತ್ತದೆ ಎಂಬುದು ನಿನಗೆ ಕಾಣುವುದಿಲ್ಲ. ನನಗೆ ಕಂಡದ್ದು ಭಾಗ್ಯಮ್ಮ ಹೇಳಿದ್ದರಿಂದ, ಮತ್ತು ಸಂಜೆ ಅದನ್ನು ಕೇಳಿಸಿಕೊಳ್ಳಲು ಮನೆಯಲ್ಲಿ ಒಬ್ಬಳು ಇದ್ದದ್ದರಿಂದ. ನಿನ್ನ ಕೆಲಸದ ಮಾತನ್ನು ಕೇಳಿ ಮೂಗು ಮುಚ್ಚದೆ ಅಕ್ಕಿ ಆರಿಸುತ್ತ ಕೂರುವವರು ನಿನಗೂ ಸಿಗಲಿ.

ಕಳೆದ ತಿಂಗಳು ಚನ್ನಪಟ್ಟಣದ ಬಸ್ ನಿಲ್ದಾಣದಲ್ಲಿ ಕೂತಿದ್ದೆ. ಮುದುಕನೊಬ್ಬ ಹತ್ತಿರ ಬಂದು ಮುಖ ನೋಡಿದ. ಚಿಕ್ಕಣ್ಣ. ಬೆನ್ನು ಬಾಗಿತ್ತು, ಹಲ್ಲು ಇರಲಿಲ್ಲ. ಭಾಗ್ಯಮ್ಮ ಈಗ ಅಡುಗೆಗೆ ಹೋಗುವುದಿಲ್ಲ, ಮಗಳು ಹೋಗುತ್ತಾಳೆ, ಉಪ್ಪು ಮಾತ್ರ ತಾಯಿಯಷ್ಟೇ ಮುಂದು ಎಂದ. ಅವನ ಬಸ್ಸು ಬಂತು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟವನು ತಿರುಗಿದ.

"ಸಾರ್, ಮೇಡಮ್ಮೋರು ಚೆನ್ನಾಗವ್ರಾ?"

ಕಂಡಕ್ಟರು ಸೀಟಿ ಊದುತ್ತಿದ್ದ.

"ಚೆನ್ನಾಗವ್ರೆ ಕಣಪ್ಪ" ಎಂದೆ.